ಒಂದು ಮಷೀನ್, ಐದು ಮೋಲ್ಡ್, ವಾರಕ್ಕೆ 80 ಗಂಟೆ: ದಸರಾ ಪ್ಲ್ಯಾನ್ ಕಟ್ಟಿದ ಕಥೆ

ಹೋದ ವರ್ಷ ದಸರಾ ಮುಗಿದ ಮರುವಾರ ನಮ್ಮ ಗಿಯರ್ ಡೆಲಿವರಿ ನಾಲ್ಕು ದಿನ ತಡವಾಯಿತು. ಗಿರಾಕಿ ಕಂಪನಿಯ ಅಸೆಂಬ್ಲಿ ಲೈನ್ ನಿಂತಿತು, ನಮಗೆ ಬರಬೇಕಾದ ಹಣದಲ್ಲಿ ಕಡಿತ ಹಾಕಿದ ಡೆಬಿಟ್ ನೋಟ್ ಬಂತು. ಅದಕ್ಕಿಂತ ನನಗೆ ನೋವಾದದ್ದು ಬೇರೆ. ಅದೇ ಹೊತ್ತಿಗೆ ನಮ್ಮ ರ‍್ಯಾಕ್‌ನಲ್ಲಿ 50 ಸಾವಿರ ಮುಚ್ಚಳ ಸುಮ್ನೆ ಕೂತಿದ್ದವು. ಐದು ವಾರಕ್ಕೆ ಆಗುವಷ್ಟು ಮಾಲು. ಯಾರಿಗೂ ಬೇಡದ ಮುಚ್ಚಳ ಹೊಡೆಯಲು ಮಷೀನ್‌ಗೆ ಸಮಯವಿತ್ತು, ಬೇಕಾದ ಗಿಯರ್‌ಗೆ ಇರಲಿಲ್ಲ.

ನಮ್ಮದು ಬೆಂಗಳೂರಿನ ಪೀಣ್ಯದಲ್ಲಿರುವ ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಘಟಕ, ಅಂದರೆ ಕರಗಿಸಿದ ಪ್ಲಾಸ್ಟಿಕ್ ಅನ್ನು ಮೋಲ್ಡ್ (ಅಚ್ಚು) ಒಳಗೆ ಒತ್ತಿ ಮಾಲು ಮಾಡುವುದು. ಅಪ್ಪ ಶುರು ಮಾಡಿದ್ದು. ಪ್ಲ್ಯಾನಿಂಗ್ ಈಗ ನನ್ನ ಪಾಲಿಗೆ ಬಂದಿದೆ. ದೊಡ್ಡ ಮಷೀನ್ ಒಂದೇ, ಅದರ ಮೇಲೆ ಏರುವ ಮೋಲ್ಡ್ ಐದು: ಕ್ಲಿಪ್, ಬುಶ್, ಮುಚ್ಚಳ, ಹಿಡಿ (ಹ್ಯಾಂಡಲ್), ಗಿಯರ್. ಯಾವ ವಾರ ಯಾವುದನ್ನು ಎಷ್ಟು ಹೊಡೆಯಬೇಕು ಅನ್ನೋದಕ್ಕೆ ಇಷ್ಟು ವರ್ಷ ಇದ್ದದ್ದು ಒಂದೇ ಸೂತ್ರ: "ಮೋಲ್ಡ್ ಏರಿಸಿದ್ದೀವಿ ತಾನೆ, ಇನ್ನೆರಡು ವಾರದ್ದೂ ಹೊಡೆದುಬಿಡಿ." ಈ ವರ್ಷ ದಸರಾಕ್ಕೆ ಎರಡು ತಿಂಗಳ ಮೊದಲೇ ಇದನ್ನು ಸರಿ ಮಾಡಲು ಕೂತೆ. ಮಾಡಿದ್ದನ್ನೆಲ್ಲ, ಎಡವಿದ್ದೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ನಿಮ್ಮದು ಪ್ರೆಸ್ ಶಾಪ್ ಆಗಿರಲಿ, ಬೇಕರಿ ಆಗಿರಲಿ, ಒಂದೇ ಮಷೀನ್ ಮೇಲೆ ಹಲವು ಮಾಲು ಓಡಿಸುವವರಿಗೆ ಲೆಕ್ಕ ಇದೇ.

ಮೊದಲು ಅಳತೆ

ಎರಡು ವಾರ ಫೋನ್‌ನ ಸ್ಟಾಪ್‌ವಾಚ್ ಹಿಡಿದು ಮಷೀನ್ ಪಕ್ಕ ನಿಂತೆ. ಮೋಲ್ಡ್ ಚೇಂಜ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿದರೆ ಎಲ್ಲರೂ "ಒಂದೂವರೆ ಗಂಟೆ" ಅನ್ನುತ್ತಿದ್ದರು. ನಿಜವಾಗಿ ಹಿಡಿದದ್ದು ಎರಡೂವರೆ ಗಂಟೆ. ನೀರಿನ ಹೋಸ್ ಬಿಚ್ಚಬೇಕು. ಕ್ಲ್ಯಾಂಪ್ ಸಡಿಲಿಸಿ ಚೈನ್ ಬ್ಲಾಕ್‌ನಲ್ಲಿ ಹಳೆ ಮೋಲ್ಡ್ ಇಳಿಸಬೇಕು. ಹೊಸದನ್ನು ಏರಿಸಿ ಸೆಂಟರ್ ಮಾಡಬೇಕು. ಪ್ಲಾಸ್ಟಿಕ್ ಕರಗುವ ಬ್ಯಾರೆಲ್‌ನಲ್ಲಿ ಉಳಿದ ಹಳೆ ಬಣ್ಣ ಹೋಗುವವರೆಗೆ ಪರ್ಜ್ ಮಾಡಬೇಕು, ಅಂದರೆ ಹೊಸ ಮಾಲು ತಳ್ಳಿ ಹಳೆಯದನ್ನು ಹೊರಹಾಕಬೇಕು. ಆಮೇಲೆ ಮೊದಲ ಇಪ್ಪತ್ತು ಮೂವತ್ತು ಶಾಟ್ ನೇರ ಗ್ರೈಂಡರ್‌ಗೆ ಹೋಗುತ್ತವೆ. ಜನ ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಈ ಕೊನೆಯ ಎರಡನ್ನೇ.

ಕಾಸಿನ ಲೆಕ್ಕ ಹೀಗೆ ಬಂತು. ಎರಡೂವರೆ ಗಂಟೆಯ ಮಷೀನ್ ಬಾಡಿಗೆ ಗಂಟೆಗೆ ₹500ರಂತೆ ₹1,250. ಪರ್ಜ್ ಮತ್ತು ರಿಜೆಕ್ಟ್ ಮಾಲು ₹250. ಮೋಲ್ಡ್ ಏರಿಸಿ ಕೂರಿಸುವ ಸೆಟ್ಟರ್, ಹೆಲ್ಪರ್ ಕೂಲಿ ₹300. ಒಟ್ಟು ₹1,800. ಗಿಯರ್ ಮಾತ್ರ ನೈಲಾನ್. ಅದಕ್ಕೆ ಪರ್ಜ್ ಜಾಸ್ತಿ, ಪ್ಲಾಸ್ಟಿಕ್ ಕಾಳನ್ನು ಮೊದಲೇ ಒಣಗಿಸಬೇಕು. ಹಾಗಾಗಿ ₹2,400.

ಮಾಲು ರ‍್ಯಾಕ್‌ನಲ್ಲಿ ಕೂತರೂ ಖರ್ಚೇ. ಬ್ಯಾಂಕ್ ಬಡ್ಡಿ ವರ್ಷಕ್ಕೆ 12%. ಜಾಗ, ಧೂಳು, ಡ್ಯಾಮೇಜ್ ಎಲ್ಲಕ್ಕೂ ಇನ್ನೊಂದು 12% ಅಂತ ನಾನೇ ಅಂದಾಜು ಹಾಕಿಕೊಂಡೆ. ಕ್ಲಿಪ್ ಒಂದಕ್ಕೆ ₹8. ಸಾವಿರ ಕ್ಲಿಪ್ ಒಂದು ವಾರ ಕೂತರೆ 8,000ದ 24% ಭಾಗಿಸು 52, ಅಂದರೆ ಸುಮಾರು ₹37. ಇದೇ ಲೆಕ್ಕದಲ್ಲಿ ಸಾವಿರಕ್ಕೆ ವಾರಕ್ಕೆ ಮುಚ್ಚಳ ₹7, ಬುಶ್ ₹23, ಹಿಡಿ ₹65, ಗಿಯರ್ ₹100.

ಇನ್ನು ಮಷೀನ್ ಓಡುವ ಸಮಯ. ಎರಡು ಶಿಫ್ಟ್ ಸೇರಿ ದಿನಕ್ಕೆ 15 ಗಂಟೆ, ಆರು ದಿನಕ್ಕೆ 90. ಕರೆಂಟ್ ಹೋಗುತ್ತೆ, ಹೀಟರ್ ಸುಡುತ್ತೆ. ಅದಕ್ಕೆ ಪ್ಲ್ಯಾನ್‌ನಲ್ಲಿ 80 ಮಾತ್ರ ಹಿಡಿದೆ. ಈ 10 ಗಂಟೆಯನ್ನು ಯಾರು ಕೇಳಿದರೂ ಕೊಡಬಾರದು ಅಂತ ಅಪ್ಪನ ಹತ್ತಿರ ಮೊದಲೇ ಮಾತು ತಗೊಂಡೆ.

ಒಂದೊಂದೇ ಮಾಲಿಗೆ ಲಾಟ್ ಹಾಕಿ ನೋಡಿದೆ

ಒಂದು ಸಲ ಮೋಲ್ಡ್ ಏರಿಸಿ ಹೊಡೆಯುವ ಅಷ್ಟೂ ಮಾಲು ಒಂದು ಲಾಟ್. ಮುಂದಿನ ಆರು ವಾರಕ್ಕೆ ಕ್ಲಿಪ್ ಬೇಡಿಕೆ ಹೀಗಿತ್ತು: 4,000, 6,000, 3,000, 9,000, 2,000, 5,000. ಇರುವ ಸ್ಟಾಕ್ ಕಳೆದ ಮೇಲಿನ ಸಂಖ್ಯೆಗಳು ಇವು. ಇಂಥ ಏರುಪೇರಿನ ಬೇಡಿಕೆಗೆ ಒಂದು ಲಾಟ್ ಎಷ್ಟಿರಬೇಕು ಅಂತ ಹೇಳಲು 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ವರ್ಗಮೂಲದ ಸೂತ್ರ ಹೊಂದುವುದಿಲ್ಲ. ಅದು ಬೇಡಿಕೆ ಸದಾ ಒಂದೇ ಸಮ ಇರುತ್ತದೆ ಅಂತ ನಂಬಿ ನಡೆಯುತ್ತದೆ. ಅದಕ್ಕೆ ಎಡ್ವರ್ಡ್ ಸಿಲ್ವರ್ ಮತ್ತು ಹಾರ್ಲನ್ ಮೀಲ್ 1973ರಲ್ಲಿ ಹೇಳಿದ ದಾರಿ ಹಿಡಿದೆ. ಕಾಗದದ ಮೇಲೆಯೇ ಮಾಡಬಹುದು, ಅಷ್ಟು ಸುಲಭ. ಒಂದು ವಾರದ್ದು ಮಾತ್ರ ಹೊಡೆದರೆ ವಾರಕ್ಕೆ ಸರಾಸರಿ ಖರ್ಚೆಷ್ಟು? ಎರಡು ವಾರದ್ದು ಸೇರಿಸಿ ಹೊಡೆದರೆ? ಮೂರು? ಸರಾಸರಿ ಇಳಿಯುತ್ತಾ ಹೋಗುವವರೆಗೆ ಸೇರಿಸುತ್ತಾ ಹೋಗು, ಏರಿದ ಕೂಡಲೇ ನಿಲ್ಲಿಸು.

ಕ್ಲಿಪ್‌ಗೆ ಒಂದು ವಾರದ್ದಾದರೆ ₹1,800. ಎರಡು ವಾರದ್ದಾದರೆ 6,000 ಕ್ಲಿಪ್ ಒಂದು ವಾರ ಕೂರುತ್ತವೆ, ₹222. 1,800ಕ್ಕೆ ಅದನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ₹1,011. ಮೂರು ವಾರಕ್ಕೆ ₹748. ನಾಲ್ಕನೇ ವಾರದ 9,000 ಸೇರಿಸಿದರೆ ಅಷ್ಟೂ ಮೂರು ವಾರ ಕೂರಬೇಕು, ಸರಾಸರಿ ₹811ಕ್ಕೆ ಏರುತ್ತದೆ. ಅಲ್ಲಿಗೆ ನಿಲ್ಲಿಸು. ಮೊದಲ ಲಾಟ್ 13,000. ನಾಲ್ಕನೇ ವಾರದಿಂದ ಮತ್ತೆ ಶುರು ಮಾಡಿದರೆ ಎರಡನೇ ಲಾಟ್ 16,000. ಒಟ್ಟು ಖರ್ಚು ₹4,488.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೊದಲ ಏರಿಕೆಗೇ ನಿಲ್ಲುವುದು ಯಾವಾಗಲೂ ಸರಿಯಲ್ಲ. ಇದೇ ಕ್ಲಿಪ್‌ಗೆ ಐದು ವಾರದವರೆಗೆ ಹೋದರೆ ಸರಾಸರಿ ಮತ್ತೆ ₹708ಕ್ಕೆ ಇಳಿಯುತ್ತದೆ. ಏರಿಕೆಯ ಆಚೆ ಇನ್ನೊಂದು ತಗ್ಗು ಇತ್ತು, ಸೂತ್ರಕ್ಕೆ ಅದು ಕಾಣಲಿಲ್ಲ. ವ್ಯಾಗ್ನರ್ ಮತ್ತು ವಿಟಿನ್ 1958ರಲ್ಲಿ ಕೊಟ್ಟ ವಿಧಾನ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ತಂದು ಒಂದು ಮಾಲಿಗೆ ಖಚಿತ ಉತ್ತರ ಕೊಡುತ್ತದೆ. ಅದರಲ್ಲಿ ಹಾಕಿದೆ. ಆರೂ ವಾರದ 29,000 ಕ್ಲಿಪ್ ಒಂದೇ ಸಲ ಹೊಡಿ ಅಂತ ಬಂತು, ಖರ್ಚು ₹4,464. ₹24 ಕಡಿಮೆ. ಆ ₹24ಕ್ಕಾಗಿ ಮೊದಲ ವಾರದಲ್ಲಿ 60 ಗಂಟೆ ಬರೀ ಕ್ಲಿಪ್ ಹೊಡೆಯಬೇಕು! ವಾರದಲ್ಲಿ ಇರುವುದೇ 80 ಅನ್ನೋದು ಆ ಲೆಕ್ಕಕ್ಕೆ ಗೊತ್ತಿಲ್ಲ. ಸಿಲ್ವರ್–ಮೀಲ್‌ಗೂ ಗೊತ್ತಿಲ್ಲ.

ಗೊತ್ತಿಲ್ಲ ಅನ್ನೋದು ಉಳಿದ ನಾಲ್ಕನ್ನೂ ಹಾಕಿದಾಗ ಪೂರ್ತಿ ಬಯಲಾಯಿತು. ಮುಚ್ಚಳವೂ ಬುಶ್ಶೂ ಅಗ್ಗದ ಮಾಲು, ಕೂತರೆ ಖರ್ಚಿಲ್ಲ. ಆರೂ ವಾರದ್ದನ್ನು ಒಟ್ಟಿಗೆ ಹೊಡಿ ಅಂತ ಬಂತು. ಗಿಯರ್, ಹಿಡಿ, ಕ್ಲಿಪ್ ಮೂರು ಮೂರು ವಾರದ್ದು. ಎಲ್ಲ ಕೂಡಿಸಿದೆ. ಮೊದಲ ವಾರಕ್ಕೆ 224 ಗಂಟೆ ಕೆಲಸ. ನಾಲ್ಕನೇ ವಾರಕ್ಕೆ 152. ಎರಡು, ಮೂರು, ಐದು, ಆರನೇ ವಾರ ಸೊನ್ನೆ.

ಏಳು ದಿನ ಹಗಲೂ ರಾತ್ರಿ ಓಡಿಸಿದರೂ ಒಂದು ವಾರಕ್ಕೆ ಇರುವುದು 168 ಗಂಟೆ. ಆ ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಇದೇ ಅಲ್ವಾ ಮಗಳೇ ನಾವು ಇಷ್ಟು ದಿನ ಮಾಡ್ತಿದ್ದಿದ್ದು?" ಅಂದರು. ಹೌದು. ಒಂದೊಂದೇ ಮಾಲು ನೋಡಿದರೆ ಪ್ರತಿ ಲಾಟ್ ಸರಿಯಾಗಿಯೇ ಕಾಣುತ್ತದೆ. ಐದೂ ಸೇರಿ ಒಂದೇ ಮಷೀನ್ ಮುಂದೆ ನಿಂತಾಗ ಮಾತ್ರ ತಪ್ಪು ಗೊತ್ತಾಗುತ್ತದೆ.

ಗಂಟೆಗೆ ಎಷ್ಟು ಉಳಿಯಿತು?

ಐದು ಮೋಲ್ಡ್, ಆರು ವಾರ. ಈ ವಾರ ಈ ಮೋಲ್ಡ್ ಏರಿಸಬೇಕೋ ಬೇಡವೋ ಅನ್ನುವ 30 ಪ್ರಶ್ನೆ. ಎಲ್ಲ ಜೋಡಣೆ ಲೆಕ್ಕ ಹಾಕಿದರೆ 107 ಕೋಟಿಗೂ ಮೇಲೆ. ಮಿತಿ ಇರುವ ಮಷೀನ್ ಮೇಲೆ ಲಾಟ್ ಹಾಕುವುದು, ಮಾಲು ಒಂದೇ ಇದ್ದರೂ, ಸಾಮಾನ್ಯ ರೂಪದಲ್ಲಿ ಗಣಿತದವರ ಪ್ರಕಾರ ಕಷ್ಟದ ಲೆಕ್ಕ ಅಂತ 1980ರಲ್ಲೇ ಫ್ಲೋರಿಯನ್, ಲೆನ್‌ಸ್ಟ್ರಾ, ರಿನೂಯ್ ಕಾನ್ ತೋರಿಸಿದ್ದಾರೆ. ಮಾಲಿನ ಸಂಖ್ಯೆ, ವಾರದ ಸಂಖ್ಯೆ ಬೆಳೆದಂತೆ ಲೆಕ್ಕ ಬೆಳೆಯುವ ವೇಗ ಹೇಳತೀರದು.

ನಮ್ಮಷ್ಟು ಸಣ್ಣ ಲೆಕ್ಕವನ್ನು ಇವತ್ತಿನ ಸಾಲ್ವರ್ ಸಾಫ್ಟ್‌ವೇರ್‌ಗೆ ಕೊಡಬಹುದು, ನಿಜ. ನಾನು ಕೊಡದಿರಲು ಕಾರಣವಿದೆ. ಸೋಮವಾರ ಮಾಡಿದ ಪ್ಲ್ಯಾನ್ ಬುಧವಾರ ಬದಲಾಗುತ್ತದೆ. ಆಗ ಸೆಟ್ಟರ್ "ಬುಶ್ ನಿಲ್ಲಿಸಿ ಹಿಡಿ ಯಾಕೆ?" ಅಂತ ಕೇಳುತ್ತಾರೆ. "ಕಂಪ್ಯೂಟರ್ ಹೇಳ್ತು" ಅನ್ನುವ ಉತ್ತರ ನನಗೆ ಬೇಡವಾಗಿತ್ತು. ಕಾರಣ ಒಂದು ಸಾಲಿನಲ್ಲಿ ಹೇಳಲು ಬರಬೇಕು.

ಡಿಕ್ಸನ್ ಮತ್ತು ಸಿಲ್ವರ್ 1981ರಲ್ಲಿ ಕೊಟ್ಟ ವಿಧಾನದಲ್ಲಿ ಆ ಕಾರಣ ಸಿಕ್ಕಿತು. ಮೊದಲು ಈ ವಾರ ಕೊಡಲೇಬೇಕಾದ್ದನ್ನು ಇಡು. ಉಳಿದ ಗಂಟೆಗಳಲ್ಲಿ ಯಾವ ಮಾಲಿನ ಮುಂದಿನ ವಾರದ್ದನ್ನು ಸೇರಿಸಿದರೆ ಲಾಭ ಅಂತ ನೋಡು. ಲಾಭ ಅಳೆಯುವುದು ಬರೀ ರೂಪಾಯಿಯಲ್ಲಿ ಅಲ್ಲ. ಸರಾಸರಿ ಖರ್ಚು ಎಷ್ಟು ಇಳಿಯಿತೋ ಅದನ್ನು, ಅದಕ್ಕೆ ಮಷೀನ್‌ನ ಎಷ್ಟು ಗಂಟೆ ಹೋಯಿತೋ ಅದರಿಂದ ಭಾಗಿಸು. ಅವರ ಮೂಲ ವಿಧಾನದಲ್ಲಿ ಮೋಲ್ಡ್ ಬದಲಿಸುವ ಸಮಯಕ್ಕೆ ಲೆಕ್ಕವಿಲ್ಲ, ಖರ್ಚಿಗೆ ಮಾತ್ರ ಇದೆ. ನಮಗೆ ಅದು ನಡೆಯದು. ಪ್ರತಿ ಸೆಟಪ್‌ಗೆ, ಅಂದರೆ ಪ್ರತಿ ಮೋಲ್ಡ್ ಚೇಂಜ್‌ಗೆ, 2.5 ಗಂಟೆ ಕಳೆಯುವ ಕಾಲಂ ಒಂದನ್ನು ನನ್ನ ಸ್ಪ್ರೆಡ್‌ಶೀಟ್ ಹಾಳೆಗೆ ನಾನೇ ಸೇರಿಸಿಕೊಂಡೆ.

ಮೊದಲ ವಾರದ ಲೆಕ್ಕ ನೋಡಿ. ಕೊಡಲೇಬೇಕಾದ್ದು: ಕ್ಲಿಪ್ 8.3 ಗಂಟೆ, ಬುಶ್ 10, ಮುಚ್ಚಳ 6.9, ಗಿಯರ್ 12.5, ಹಿಡಿ 15. ಒಟ್ಟು 52.8. ಐದು ಸೆಟಪ್‌ಗೆ 12.5 ಸೇರಿ 65.3. ಉಳಿದದ್ದು 14.7 ಗಂಟೆ. ಈಗ ಯಾರಿಗೆ?

ಮುಚ್ಚಳದ ಎರಡನೇ ವಾರದ್ದನ್ನು ಸೇರಿಸಿದರೆ ಸರಾಸರಿ 1,800ರಿಂದ 935ಕ್ಕೆ ಇಳಿಯುತ್ತದೆ. 865 ಉಳಿತಾಯ, ಹೋಗುವುದು 7 ಗಂಟೆ. ಗಂಟೆಗೆ 124. ಗಿಯರ್‌ಗೆ 1,100 ಉಳಿತಾಯ, ಆದರೆ 12.5 ಗಂಟೆ ಬೇಕು. ಗಂಟೆಗೆ 88. ಬುಶ್ 85, ಕ್ಲಿಪ್ 63, ಹಿಡಿ 54. ರೂಪಾಯಿ ಮಾತ್ರ ನೋಡಿದ್ದರೆ ಗಿಯರ್ ಮುಂದಿತ್ತು. ಗಂಟೆ ನೋಡಿದರೆ ಮುಚ್ಚಳ. ಇಡೀ ವಿಧಾನದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಒಂದು ಭಾಗಾಕಾರ. ನಮ್ಮ ಹತ್ತಿರ ಕಡಿಮೆ ಇರುವುದು ಮಷೀನ್‌ನ ಹೊತ್ತು. ಅಂದಮೇಲೆ ಅಳತೆಗೋಲೂ ಅದೇ ಆಗಬೇಕಲ್ಲ?

ಮುಚ್ಚಳ ಇಟ್ಟ ಮೇಲೆ 7.8 ಗಂಟೆ ಉಳಿಯಿತು. ಗಿಯರ್, ಬುಶ್, ಕ್ಲಿಪ್, ಹಿಡಿ ಯಾವುದೂ ಅದರಲ್ಲಿ ಹಿಡಿಸದು. ಮುಚ್ಚಳದ ಮೂರನೇ ವಾರದ್ದು ಹಿಡಿಸಿತು. ಮೊದಲ ವಾರ 79.2 ಗಂಟೆಗೆ ತುಂಬಿತು. ಎರಡನೇ ವಾರಕ್ಕೆ ಮುಚ್ಚಳ ಏರಿಸುವ ಅಗತ್ಯವೇ ಇಲ್ಲ. ಅಲ್ಲಿ ಕ್ಲಿಪ್ ಗಂಟೆಗೆ 135ರಂತೆ ಮೊದಲು ಬಂತು, ಆಮೇಲೆ ಗಿಯರ್. 78.75 ಗಂಟೆ.

ನಾಲ್ಕನೇ ವಾರ ಒಡೆಯಿತು

ಮೂರನೇ ವಾರ ದಸರಾ. ಆಯುಧಪೂಜೆ, ವಿಜಯದಶಮಿ ಎರಡು ದಿನ ರಜೆ. ಸಿಗುವುದು ನಾಲ್ಕು ದಿನ, 53.3 ಗಂಟೆ. ನಾಲ್ಕನೇ ವಾರ ದೀಪಾವಳಿಯ ಆರ್ಡರ್: ಗಿಯರ್ 2,000ದಿಂದ 5,000ಕ್ಕೆ, ಹಿಡಿ 2,700ರಿಂದ 4,500ಕ್ಕೆ, ಕ್ಲಿಪ್ 9,000. ಕೆಲಸ ದುಪ್ಪಟ್ಟು ಹತ್ತಿರ, ಅದರ ಹಿಂದಿನ ವಾರವೇ ರಜೆ. ಹೋದ ವರ್ಷ ನಾವು ಬಿದ್ದದ್ದು ಇದೇ ಗುಂಡಿಗೆ.

ನನ್ನ ಹಾಳೆಯೂ ಅಲ್ಲೇ ಬಿತ್ತು. ಮೂರನೇ ವಾರಕ್ಕೆ ಬುಶ್ ಮತ್ತು ಹಿಡಿ ಮಾತ್ರ ಬೇಕಿತ್ತು, ಸೆಟಪ್ ಸೇರಿ 30 ಗಂಟೆ. 23.3 ಗಂಟೆ ಖಾಲಿ. ಸೂತ್ರ ಬುಶ್‌ನ ನಾಲ್ಕನೇ ವಾರದ್ದನ್ನು ಸೇರಿಸಿತು. ಹಿಡಿಗೆ 25 ಗಂಟೆ ಬೇಕು, ಹಿಡಿಸಲಿಲ್ಲ, ಬಿಟ್ಟಿತು. ಉಳಿದ 13.3 ಗಂಟೆಯಲ್ಲಿ ಬುಶ್‌ನ ಐದನೇ ವಾರದ್ದನ್ನೂ ಸೇರಿಸಿತು. ಆಮೇಲೆ ನಾಲ್ಕನೇ ವಾರಕ್ಕೆ ಬಂದರೆ ಕ್ಲಿಪ್, ಮುಚ್ಚಳ, ಗಿಯರ್, ಹಿಡಿ ನಾಲ್ಕೂ ಸೇರಿ 91.9 ಗಂಟೆ. ಇರುವುದು 80.

ಹನ್ನೆರಡು ಗಂಟೆ ಕಡಿಮೆ. ಹಿಂದಿನ ವಾರ ಯಾರಿಗೂ ಅವಸರವಿಲ್ಲದ ಬುಶ್‌ಗೆ ಹತ್ತು ಗಂಟೆ ಕೊಟ್ಟಿದ್ದೇವೆ. ಹೋದ ವರ್ಷದ 50 ಸಾವಿರ ಮುಚ್ಚಳದ ಕಥೆ ಈ ಸಲ ಬುಶ್‌ನ ಹೆಸರಲ್ಲಿ ಮತ್ತೆ ಬಂದಿತ್ತು. ಆ ರಾತ್ರಿ ಹಾಳೆ ಮುಚ್ಚಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ.

ಕೊನೆಯಿಂದ ಹಿಂದಕ್ಕೆ

ಡಿಕ್ಸನ್–ಸಿಲ್ವರ್ ವಿಧಾನದಲ್ಲಿ ಇದಕ್ಕೂ ಒಂದು ಹೆಜ್ಜೆ ಇದೆ. ಅವಸರದಲ್ಲಿ ನಾನು ಅದನ್ನು ಹಾರಿಸಿಬಿಟ್ಟಿದ್ದೆ. ಯಾವ ವಾರವನ್ನೂ ತುಂಬಿಸುವ ಮೊದಲು ಮುಂದಿನ ವಾರಗಳ ಕೊರತೆ ನೋಡಬೇಕು. ಕೊನೆಯ ವಾರದಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಆರನೇ ವಾರಕ್ಕೆ ಗಂಟೆ ಸಾಲುತ್ತದಾ? ಸಾಲದಿದ್ದರೆ ಕೊರತೆ ಐದಕ್ಕೆ ಸೇರುತ್ತದೆ. ಐದಕ್ಕೆ ಸಾಲದಿದ್ದರೆ ನಾಲ್ಕಕ್ಕೆ. ಹೀಗೆ ಈ ವಾರದವರೆಗೆ ಬಂದಾಗ ಉಳಿಯುವ ಸಂಖ್ಯೆಯೇ ಈ ವಾರ ಮೊದಲೇ ಮಾಡಿಡಬೇಕಾದ ಗಂಟೆ. ಆ ಗಂಟೆಗಳ ಮೇಲೆ ಉಳಿತಾಯದ ಲೆಕ್ಕಕ್ಕೆ ಹಕ್ಕಿಲ್ಲ. ಅದು ಮುಡಿಪು. ಹಾಳೆಯಲ್ಲಿ ಆ ಕಾಲಂಗೆ ಅದೇ ಹೆಸರಿಟ್ಟೆ.

ಮೂರನೇ ವಾರದ ಮುಡಿಪು ಕಾಲಂನಲ್ಲಿ 11.9 ಬಂತು. ಈಗ ಬುಶ್‌ನ ಐದನೇ ವಾರದ್ದಕ್ಕೆ ಜಾಗವೇ ಇಲ್ಲ. ಬದಲಿಗೆ ಹಿಡಿಯನ್ನು 12 ಗಂಟೆ ಹೆಚ್ಚು ಓಡಿಸಬೇಕು: 2,160 ಹಿಡಿ. ಪೂರ್ತಿ 4,500 ಅಲ್ಲ, ಅರ್ಧ ಲಾಟ್. ಇದರಿಂದ ಸೆಟಪ್ ಒಂದೂ ಉಳಿಯುವುದಿಲ್ಲ, ನಾಲ್ಕನೇ ವಾರ ಹಿಡಿ ಮೋಲ್ಡ್ ಮತ್ತೆ ಏರಲೇಬೇಕು. ಕಾಸಿನ ಲೆಕ್ಕದಲ್ಲಿ ₹140 ನಷ್ಟ. ಗಂಟೆಯ ಲೆಕ್ಕದಲ್ಲಿ ಇಡೀ ಪ್ಲ್ಯಾನ್ ನಿಂತಿರುವುದೇ ಇದರ ಮೇಲೆ.

ಮೂರನೇ ವಾರ: ಬುಶ್ 20, ಹಿಡಿ 27, ಎರಡು ಸೆಟಪ್ 5. ಒಟ್ಟು 52.
ನಾಲ್ಕನೇ ವಾರ: ಕ್ಲಿಪ್ 18.75, ಮುಚ್ಚಳ 6.94, ಗಿಯರ್ 31.25, ಹಿಡಿ 13, ನಾಲ್ಕು ಸೆಟಪ್ 10. ಒಟ್ಟು 79.94.

80ರ ಪಕ್ಕದಲ್ಲಿ 79.94 ನೋಡಿದಾಗ ಕುಣಿಯುವ ಹಾಗಾಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ, ಈ ಸಲ 77.4 ತೋರಿಸುತ್ತಿತ್ತು. ಏನೂ ಬದಲಿಸಿರಲಿಲ್ಲ ಅಂದುಕೊಂಡಿದ್ದೆ. ನಿಜವಾಗಿ ಹಿಡಿಯ ಸಾಲನ್ನು ಕೆಳಗಿನ ಫಾರ್ಮುಲಾಗೆ ಜೋಡಿಸಿದ್ದೆ. ಆ ಫಾರ್ಮುಲಾ "ಹಿಂದಿನ ವಾರವೇ ಸೇರಿಸಿದ್ದರೆ ಈ ವಾರ ಸೆಟಪ್ ಸೊನ್ನೆ" ಅಂತ ಬರೆದದ್ದು. ಪೂರ್ತಿ ಲಾಟ್ ಸೇರಿಸಿದರೆ ಅದು ಸರಿ. ಅರ್ಧ ಲಾಟ್‌ಗೆ ತಪ್ಪು. ಎರಡೂವರೆ ಗಂಟೆ ಹಾಳೆಯಿಂದ ಮಾಯವಾಗಿತ್ತು, ಅಂಗಡಿಯಲ್ಲಿ ಮಾಯವಾಗುವುದಿಲ್ಲ. ಷರತ್ತನ್ನು ಬದಲಿಸಿದೆ: ಈ ವಾರ ಆ ಮಾಲು ಒಂದು ಪೀಸ್ ಓಡಿದರೂ ಸೆಟಪ್ ಉಂಟು. ಯಾರಾದರೂ ಇಂಥ ಹಾಳೆ ಮಾಡುವುದಾದರೆ ಸೆಟಪ್ ಕಾಲಂ ಅನ್ನು ಬೇಡಿಕೆಗೆ ಕಟ್ಟಬೇಡಿ, ಓಡುವ ಪೀಸ್‌ಗೆ ಕಟ್ಟಿ.

ಐದನೇ ವಾರ ಎಲ್ಲ ಸ್ಟಾಕ್ ಮುಗಿದಿರುತ್ತದೆ, ಐದೂ ಮೋಲ್ಡ್ ಏರಬೇಕು. 61.1 ಗಂಟೆ. ಉಳಿದ 18.9ರಲ್ಲಿ ಮುಚ್ಚಳ ಹಿಡಿಸಿತು. ಮುಂದೆ ಗಿಯರ್ ಸರದಿ, ಅದಕ್ಕೆ ಅರ್ಧ ಗಂಟೆ ಸಾಲಲಿಲ್ಲ! ಒಟ್ಟು 80.55 ಆಗುತ್ತದೆ. ಸೂತ್ರ ಗಿಯರ್ ಬಿಟ್ಟು ಬುಶ್ ತಗೊಂಡಿತು. ಆರನೇ ವಾರ 45 ಗಂಟೆ, ಆರಾಮ.

ಒಟ್ಟು 23 ಸೆಟಪ್. ವಾರ ವಾರದ್ದನ್ನು ಆಯಾ ವಾರವೇ ಹೊಡೆದಿದ್ದರೆ 30 ಆಗುತ್ತಿತ್ತು, ಖರ್ಚು ₹57,600, ಮೇಲಾಗಿ ಮೂರು ಮತ್ತು ನಾಲ್ಕನೇ ವಾರ ಗಂಟೆ ಸಾಲುತ್ತಲೂ ಇರಲಿಲ್ಲ. ಈಗ ಸೆಟಪ್‌ಗೆ ₹44,400, ಸ್ಟಾಕ್ ಕೂರುವುದಕ್ಕೆ ₹915. ಈ ರೂಪಾಯಿಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಸೆಟಪ್ ಖರ್ಚಿನಲ್ಲಿ ₹1,250 ಮಷೀನ್ ಬಾಡಿಗೆ ಇದೆ, ಆರನೇ ವಾರದಂಥ ಖಾಲಿ ವಾರದಲ್ಲಿ ಅದು ಕೈಯಿಂದ ಹೋಗುವ ದುಡ್ಡಲ್ಲ. ನಾಲ್ಕನೇ ವಾರದಂಥ ವಾರದಲ್ಲಿ ಅದರ ಬೆಲೆ ₹1,250ಕ್ಕಿಂತ ಎಷ್ಟೋ ಜಾಸ್ತಿ. ಗಂಟೆಗಳನ್ನು ಮಾತ್ರ ನಂಬುತ್ತೇನೆ, ಅವನ್ನು ನಾನೇ ನಿಂತು ಅಳೆದಿದ್ದೇನೆ.

ಶನಿವಾರ ರಾತ್ರಿಯ ಮೋಲ್ಡ್

ಪ್ಲ್ಯಾನ್ ಪ್ರಿಂಟ್ ತೆಗೆದು ಮಷೀನ್ ಪಕ್ಕದ ಬೋರ್ಡಿಗೆ ಅಂಟಿಸಿದೆ. ನಮ್ಮ ಸೆಟ್ಟರ್ ಅಣ್ಣ ಅಪ್ಪನ ಜೊತೆ ಶುರುವಿನಿಂದ ಇರುವವರು. ಕನ್ನಡಕ ಹಾಕಿಕೊಂಡು ಸಾಲು ಸಾಲೂ ಓದಿದರು. ಗ್ರೀಸ್ ಮೆತ್ತಿದ ಬೆರಳನ್ನು ನಾಲ್ಕನೇ ವಾರದ ಗಿಯರ್ ಮೇಲೆ ಇಟ್ಟರು, ಅಲ್ಲಿಂದ ಐದನೇ ವಾರದ ಗಿಯರ್‌ಗೆ ಎಳೆದರು. ಹಾಳೆ ಮೇಲೆ ಕಪ್ಪು ಗೆರೆ ಬಿತ್ತು.

"ಅಮ್ಮಾ, ಶನಿವಾರ ಕೊನೆಗೆ ಗಿಯರ್ ಓಡಿಸಿದ್ರೆ ಸೋಮವಾರನೂ ಅದೇ ಓಡಿಸಬಹುದಲ್ಲ. ಮೋಲ್ಡ್ ಯಾಕೆ ಇಳಿಸಬೇಕು?"

ನನ್ನ ಹಾಳೆಯಲ್ಲಿ ಪ್ರತಿ ಸೋಮವಾರವೂ ಮಷೀನ್ ಬೋಳಾಗಿಯೇ ಶುರುವಾಗುತ್ತಿತ್ತು. ಭಾನುವಾರ ಯಾರೂ ಮೋಲ್ಡ್ ಬಿಚ್ಚುವುದಿಲ್ಲ. ಅದು ಅಲ್ಲೇ ಇರುತ್ತದೆ. ವಾರಗಟ್ಟಲೆ ಲೆಕ್ಕ ಹಾಕಿದ ನನಗೆ ಇದು ಹೊಳೆದಿರಲಿಲ್ಲ.

"ಆದ್ರೆ ಎರಡೂವರೆ ಗಂಟೆ ಪೂರ್ತಿ ಉಳಿಯಲ್ಲ," ಅಂದರು ಅವರು. "ನೈಲಾನ್ ಬ್ಯಾರೆಲ್‌ನಲ್ಲಿ ಬಿಟ್ಟು ಹೋಗೋ ಹಾಗಿಲ್ಲ, ಸುಟ್ಟು ಕರಕಾಗುತ್ತೆ. ಶನಿವಾರ ಪರ್ಜ್ ಮಾಡಿ ನಿಲ್ಲಿಸಬೇಕು, ಸೋಮವಾರ ಮತ್ತೆ ನೈಲಾನ್ ತುಂಬಿಸಬೇಕು. ಒಂದು ಗಂಟೆ ಹೋಗುತ್ತೆ. ಒಂದೂವರೆ ಉಳೀತು ಅಂದ್ಕೊಳ್ಳಿ."

ಒಂದೂವರೆ ಸಾಕಿತ್ತು. ಐದನೇ ವಾರ ಅರ್ಧ ಗಂಟೆ ಸಾಲದೆ ಬಿಟ್ಟಿದ್ದ ಗಿಯರ್ ಈಗ ಹಿಡಿಸಿತು: 80.55ರಿಂದ 79.05. ಬುಶ್ ಆರನೇ ವಾರಕ್ಕೆ ಹೋಯಿತು, ಆರನೇ ವಾರದ ಗಿಯರ್ ಸೆಟಪ್ ತಪ್ಪಿತು. ಆ ಬದಲಾವಣೆ ಒಂದರಲ್ಲೇ ₹492 ಉಳಿಯಿತು.

ಅಲ್ಲೇ ನಿಂತು ಉಳಿದ ವಾರಗಳನ್ನೂ ಇಬ್ಬರೂ ಜೋಡಿಸಿದೆವು. ಒಂದನೇ ವಾರ ಕ್ಲಿಪ್‌ನಲ್ಲಿ ಮುಗಿಸಿ ಎರಡನೆಯದನ್ನು ಕ್ಲಿಪ್‌ನಲ್ಲಿ ಶುರು ಮಾಡುವುದು. ಎರಡರಿಂದ ಮೂರಕ್ಕೆ ಬುಶ್. ಮೂರರಿಂದ ನಾಲ್ಕಕ್ಕೆ ಹಿಡಿ. ಹೌದು, ಅದೇ ಅರ್ಧ ಲಾಟ್ ಹಿಡಿ. ಸೆಟಪ್ ಉಳಿಸದ ಲಾಟ್ ಅಂತ ನಾನು ಬರೆದಿಟ್ಟಿದ್ದೆ. ರಜೆಯ ವಾರದ ಕೊನೆಗೂ ಮುಂದಿನ ವಾರದ ಮೊದಲಿಗೂ ಇಟ್ಟರೆ ಅದು ಒಂದೇ ಉದ್ದನೆಯ ಓಟವಾಗುತ್ತದೆ. ನಾಲ್ಕರಿಂದ ಐದಕ್ಕೆ ಗಿಯರ್, ಐದರಿಂದ ಆರಕ್ಕೆ ಕ್ಲಿಪ್. ಆರು ವಾರದಲ್ಲಿ ಐದು ಸಲ ಮೋಲ್ಡ್ ಇಳಿಸಿ ಏರಿಸುವುದು ತಪ್ಪಿತು. 11.5 ಗಂಟೆ. 23 ಇದ್ದದ್ದು 18ಕ್ಕೆ ಬಂತು.

ಆಮೇಲೆ ಹುಡುಕಿದರೆ ಸೆಟಪ್ ಮುಂದಿನ ವಾರಕ್ಕೆ ದಾಟಿಸುವ ಈ ಲೆಕ್ಕದ ಬಗ್ಗೆ ಬೇಕಾದಷ್ಟು ಸಂಶೋಧನೆ ಆಗಿದೆ. ನನಗೆ ಅದನ್ನು ಹೇಳಿಕೊಟ್ಟವರು ಮಾತ್ರ ಸೆಟ್ಟರ್ ಅಣ್ಣ. ವಾರದೊಳಗಿನ ಸರದಿಯನ್ನೂ ಅವರಿಗೇ ಬಿಟ್ಟೆ. ಬಿಳಿ ಮೊದಲು, ಆಮೇಲೆ ಬೂದು, ಕಪ್ಪು ಕೊನೆಗೆ ಅಂತ ಓಡಿಸಿದರೆ ಪರ್ಜ್ ಕಡಿಮೆ. ಕಪ್ಪಿನಿಂದ ಬಿಳಿಗೆ ಬಂದರೆ ಎಷ್ಟು ತೊಳೆದರೂ ಚುಕ್ಕೆ ಬರುತ್ತಲೇ ಇರುತ್ತದೆ. ಇದನ್ನು ಹಾಳೆಗೆ ತುರುಕುವ ಪ್ರಯತ್ನ ಒಂದು ದಿನ ಮಾಡಿ ಕೈಬಿಟ್ಟೆ. ಅವರ ತಲೆಯಲ್ಲಿ ಅದು ನನ್ನ ಹಾಳೆಗಿಂತ ಚೆನ್ನಾಗಿದೆ.

ಓಡಿಸಿದ ಮೇಲೆ

ಮೊದಲೆರಡು ವಾರ ಹೇಳುವಂಥದ್ದೇನೂ ಆಗಲಿಲ್ಲ. ಮೂರನೇ ವಾರ ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಬ್ಯಾರೆಲ್‌ನ ಹೀಟರ್ ಬ್ಯಾಂಡ್ ಸುಟ್ಟಿತು. ಅಂಗಡಿಗಳೆಲ್ಲ ಹಬ್ಬದ ಗಡಿಬಿಡಿಯಲ್ಲಿದ್ದವು. ಹುಡುಕಿ ತಂದು ಹಾಕುವಷ್ಟರಲ್ಲಿ ಆರು ಗಂಟೆ ಹೋಗಿತ್ತು. ನಾಲ್ಕು ದಿನಕ್ಕೆ ನಿಜವಾಗಿ ಸಿಗುವುದು 60 ಗಂಟೆ, ನಾವು ಪ್ಲ್ಯಾನ್ ಮಾಡಿದ್ದು 52. ಆರು ಕಳೆದರೂ 54 ಇತ್ತು. ಕಾಪಾಡಿದ್ದು ಯಾರು ಕೇಳಿದರೂ ಕೊಡದೆ ಉಳಿಸಿಕೊಂಡ ಆ ಗಂಟೆಗಳು. ಮರುದಿನ ಮಷೀನ್‌ಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದೆವು. ಹಿಡಿಯ ಮೋಲ್ಡ್ ಆಗಲೂ ಮೇಲೆಯೇ ಇತ್ತು, ಅದಕ್ಕೂ ಹೂವು ಬಿತ್ತು.

ಮುಂದೆ ಮಾಡಬೇಕಾದ್ದು ಇನ್ನೂ ಇದೆ. ಜಪಾನಿನ ಇಂಜಿನಿಯರ್ ಶಿಗಿಯೊ ಶಿಂಗೊ ಹೇಳಿಕೊಟ್ಟ ಹಾಗೆ, ಮಷೀನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ನಿಂತ ಮೇಲೆ ಮಾಡಬಾರದು. ಮುಂದಿನ ಮೋಲ್ಡ್ ಅನ್ನು ಟ್ರಾಲಿ ಮೇಲೆ ತಂದು ಮೊದಲೇ ಬಿಸಿ ಮಾಡಿಡಬಹುದು. ಹೋಸ್‌ಗಳಿಗೆ ಒತ್ತಿದರೆ ಕೂರುವ ಕಪ್ಲಿಂಗ್ ಹಾಕಿಸಬಹುದು. ಎರಡೂವರೆ ಗಂಟೆ ಒಂದೂವರೆಗೆ ಬಂದರೆ ನಾಲ್ಕನೇ ವಾರದಂಥ ವಾರದಲ್ಲಿ ಮೂರು ನಾಲ್ಕು ಗಂಟೆ ಸಿಗುತ್ತದೆ. ಲಾಟ್‌ಗಳೂ ಸಣ್ಣದಾಗುತ್ತವೆ, ಯಾಕೆಂದರೆ ಸೆಟಪ್ ಅಗ್ಗವಾದರೆ ಮುಂದಿನ ವಾರದ್ದನ್ನು ಈಗಲೇ ಸೇರಿಸಿ ಹೊಡೆಯುವ ಅಗತ್ಯವೇ ಕಡಿಮೆ. ಕಪ್ಲಿಂಗ್‌ಗೆ ಆರ್ಡರ್ ಕೊಟ್ಟಿದ್ದೇನೆ.

ನಾಲ್ಕನೇ ವಾರ ಸೋಮವಾರ ಬೆಳಗ್ಗೆ ಹಿಡಿ ಓಡುತ್ತಲೇ ಶುರುವಾಯಿತು. ಶನಿವಾರ ಸಂಜೆ 5,000 ಗಿಯರ್‌ನ ಕೊನೆಯ ಬಾಕ್ಸ್ ಟೆಂಪೋ ಹತ್ತಿತು. ಅಪ್ಪ ಗೇಟಿನವರೆಗೆ ಹೋಗಿ ನೋಡಿ ಬಂದರು. ಒಳಗೆ ಸೆಟ್ಟರ್ ಅಣ್ಣ ಬ್ಯಾರೆಲ್ ಪರ್ಜ್ ಮಾಡಿ ಹೀಟರ್ ಆಫ್ ಮಾಡಿದರು. ಗಿಯರ್ ಮೋಲ್ಡ್ ಮೇಲೆ ಒಂದು ಬಟ್ಟೆ ಹೊದಿಸಿ, ಬೋರ್ಡ್ ಮೇಲಿನ ಹಾಳೆಯಲ್ಲಿ ತಾವು ಎಳೆದಿದ್ದ ಕಪ್ಪು ಗೆರೆಯ ಪಕ್ಕ ಒಂದು ಟಿಕ್ ಹಾಕಿ ಮನೆಗೆ ಹೊರಟರು.